ಹೆವಿ ಲೈಸೆನ್ಸ್‌ಗೆ ದುಡ್ಡು ಕಟ್ಟುವ ಮುನ್ನ, ಮೊದಲ ಲಾರಿ ಹತ್ತುವ ಮುನ್ನ: ಯುವಕರು ತಿಳಿದಿರಬೇಕಾದ ಸಂಗತಿಗಳು

ಮಂಜೇಶ್ವರ, ಹೊಸಂಗಡಿ, ಉಪ್ಪಳ, ಕುಂಬಳೆ ಕಡೆಯ ಬ್ಯಾರಿ ಮನೆಗಳಿಗೆ ಲಾರಿ ಹೊಸ ವಿಷಯವಲ್ಲ. ಮೀನು, ಮರ, ಅಡಿಕೆ, ಕೆಂಪುಕಲ್ಲು, ಪಣಂಬೂರಿನ ನವಮಂಗಳೂರು ಬಂದರಿನ ಸರಕು ಎಲ್ಲವೂ ಚಕ್ರದ ಮೇಲೆಯೇ ಸಾಗುವಂಥದ್ದು. ಹಿಂದೆಲ್ಲ ಹುಡುಗರು ಕ್ಲೀನರ್ ಆಗಿ ಲಾರಿ ಹತ್ತುತ್ತಿದ್ದರು. ಟಯರ್ ಬದಲಿಸುತ್ತಾ, ಹಗ್ಗ ಬಿಗಿಯುತ್ತಾ, ರಾತ್ರಿ ಖಾಲಿ ರಸ್ತೆಯಲ್ಲಿ ಚಾಲಕನ ಪಕ್ಕದಲ್ಲೇ ಸ್ಟಿಯರಿಂಗ್ ಕಲಿಯುತ್ತಿದ್ದರು. ಆ ಕಾಲ ಬಹುಪಾಲು ಮುಗಿದಿದೆ. ಈಗ ಡ್ರೈವಿಂಗ್ ಸ್ಕೂಲ್‌ಗೆ ಹಣ ಕಟ್ಟಬೇಕು, ಸರ್ಟಿಫಿಕೆಟ್ ಪಡೆಯಬೇಕು, ಟೆಸ್ಟ್ ಪಾಸಾಗಬೇಕು.

ಇಲ್ಲಿ ಎರಡು ಕಡೆ ಯುವಕರು ಎಡವುತ್ತಾರೆ. ಒಂದು, ಏನು ಕಲಿಸುತ್ತಾರೆ ಎಂದು ನೋಡದೆ ಹಣ ಕಟ್ಟುವುದು. ಇನ್ನೊಂದು, ಲೈಸೆನ್ಸ್ ಕೈಗೆ ಬಂದ ತಕ್ಷಣ ಮೊದಲು ಕರೆದವರ ಲಾರಿ ಹತ್ತುವುದು. ಎರಡರಲ್ಲಿಯೂ ತಪ್ಪಿದರೆ ಹೋಗುವುದು ದುಡ್ಡು ಮಾತ್ರವಲ್ಲ. ಹೆಸರಿನ ಮೇಲೆ ಪೊಲೀಸ್ ಕೇಸು ಬೀಳಬಹುದು, ಕೆಲವೊಮ್ಮೆ ಜೀವವೇ ಹೋಗಬಹುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು ಓಡಿಸಲು 18 ವರ್ಷ ತುಂಬಿರಬೇಕು. ಸಾರಿಗೆ ವಾಹನ, ಅಂದರೆ ಬಾಡಿಗೆಗೆ ಸರಕು ಅಥವಾ ಜನರನ್ನು ಸಾಗಿಸುವ ವಾಹನ ಓಡಿಸಲು 20 ವರ್ಷ ಆಗಿರಬೇಕು. ಲಘು ವಾಹನದ (ಎಲ್‌ಎಂವಿ) ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗದೆ ಲಾರಿಗೆ ಕಲಿಕಾ ಲೈಸೆನ್ಸ್ (ಎಲ್‌ಎಲ್‌ಆರ್) ಕೊಡುವಂತಿಲ್ಲ. 'ನೇರವಾಗಿ ಹೆವಿ ಮಾಡಿಸಿಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಹಿಂದೆ ಇತ್ತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿದೆ. ಹಾಗಾಗಿ ಅರ್ಧದಲ್ಲಿ ಶಾಲೆ ಬಿಟ್ಟವರಿಗೂ ದಾರಿ ತೆರೆದಿದೆ.

ವೈದ್ಯರ ಸರ್ಟಿಫಿಕೆಟ್ (ಫಾರಂ 1ಎ) ಕಡ್ಡಾಯ. ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿಯನ್ನು ಇದರಲ್ಲಿ ನೋಡುತ್ತಾರೆ. ಹಲವರು ಮೊದಲು ಫೀಸು ಕಟ್ಟಿ ಆಮೇಲೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲು ಕಣ್ಣು ಪರೀಕ್ಷೆ, ಆಮೇಲೆ ಫೀಸು.

ಸಾರಿಗೆ ವಾಹನದ ಲೈಸೆನ್ಸ್ 5 ವರ್ಷಕ್ಕೆ ಸಿಗುತ್ತದೆ, ನಂತರ ನವೀಕರಿಸಬೇಕು. ಅಪಾಯಕಾರಿ ಸರಕು ಸಾಗಿಸುವ ಲೈಸೆನ್ಸ್‌ನ ಅವಧಿ 3 ವರ್ಷ.

ಒಂದು ವರ್ಷ ಸುಮ್ಮನೆ ಕಳೆಯಬೇಕಾಗಿಲ್ಲ

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ ಒಂದು ಮುಖ್ಯ ತೀರ್ಪು ನೀಡಿತು. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಅನುಮತಿ ಬೇಡ ಎಂಬುದು ಆ ತೀರ್ಪಿನ ಸಾರ. ಅಪಾಯಕಾರಿ ಸರಕಿನ ವಾಹನಗಳಿಗೆ ಈ ಸಡಿಲಿಕೆ ಇಲ್ಲ.

20 ವರ್ಷ ದಾಟಿದ, ಎಲ್‌ಎಂವಿ ಇರುವ ಹುಡುಗ ಸಣ್ಣ ಪಿಕಪ್, ಮೀನಿನ ಟೆಂಪೊ, ಅಂಗಡಿ ಸಾಮಾನಿನ ಗಾಡಿ ಓಡಿಸುತ್ತಾ ಈ ಒಂದು ವರ್ಷವನ್ನು ದುಡಿಮೆಯಲ್ಲೇ ಕಳೆಯಬಹುದು. ಹೆವಿ ತರಬೇತಿಯ ಫೀಸು ಆ ದುಡಿಮೆಯಿಂದಲೇ ಹುಟ್ಟುತ್ತದೆ. ಉಮ್ಮನ ಬಳೆ ಅಡವಿಡುವ ಅಗತ್ಯ ಬೀಳುವುದಿಲ್ಲ. ಲೋಡ್ ಇದ್ದಾಗ ಬ್ರೇಕ್ ಹೇಗೆ ಹಿಡಿಯುತ್ತದೆ, ಬಿಲ್ಲು ಹೇಗೆ ಓದಬೇಕು, ಲೋಡಿಂಗ್‌ನವರ ಜೊತೆ ಹೇಗೆ ಮಾತಾಡಬೇಕು ಎಂಬುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಫೀಸಿನ ಲೆಕ್ಕ

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ ಸರಕಾರಿ ಶುಲ್ಕ ಹೀಗಿದೆ:

- ಕಲಿಕಾ ಲೈಸೆನ್ಸ್: ಒಂದು ವರ್ಗಕ್ಕೆ ₹150
- ಚಾಲನಾ ಪರೀಕ್ಷೆ: ಒಂದು ವರ್ಗಕ್ಕೆ ₹300
- ಇದ್ದ ಲೈಸೆನ್ಸ್‌ಗೆ ಹೊಸ ವರ್ಗ ಸೇರಿಸಲು: ₹500

ಇದರ ಮೇಲೆ ರಾಜ್ಯದ ಸೇವಾ ಶುಲ್ಕ ಸ್ವಲ್ಪ ಬೀಳಬಹುದು. ಅಂದರೆ ಸರಕಾರಕ್ಕೆ ಹೋಗುವುದು ಸಾವಿರ ರೂಪಾಯಿಯ ಆಸುಪಾಸು. ಉಳಿದದ್ದೆಲ್ಲ ಸ್ಕೂಲಿನದು. ಹಾಗಾಗಿ ಹಣ ಕಟ್ಟುವವರು ಕೇಳಬೇಕಾದ ಪ್ರಶ್ನೆ 'ಲೈಸೆನ್ಸ್‌ಗೆ ಎಷ್ಟು?' ಎಂಬುದಲ್ಲ, 'ಎಷ್ಟು ಗಂಟೆ ಸ್ಟಿಯರಿಂಗ್ ನನ್ನ ಕೈಯಲ್ಲಿರುತ್ತದೆ?' ಎಂಬುದು.

ಹೋಲಿಕೆಗೆ ಒಂದು ಅಳತೆಗೋಲು ಬೇಕಿದ್ದರೆ ಕೇರಳ ಕೆಎಸ್ಸಾರ್ಟಿಸಿಯದ್ದಿದೆ. 2024ರಲ್ಲಿ ಅದು ತನ್ನದೇ ಡ್ರೈವಿಂಗ್ ಸ್ಕೂಲ್ ಆರಂಭಿಸಿದಾಗ ಹೆವಿ ತರಬೇತಿಗೆ ₹9,000 ನಿಗದಿ ಮಾಡಿತ್ತು. ಖಾಸಗಿಯವರು ಇದಕ್ಕಿಂತ ಹೆಚ್ಚು ಕೇಳಿದರೆ ಹೆಚ್ಚಿನ ಹಣಕ್ಕೆ ಹೆಚ್ಚಿಗೆ ಏನು ಕಲಿಸುತ್ತೀರಿ ಎಂದು ಕೇಳಲು ಹಿಂಜರಿಯಬೇಕಿಲ್ಲ.

ಒಳ್ಳೆಯ ಸ್ಕೂಲನ್ನು ಗುರುತಿಸುವುದು ಹೇಗೆ?

ಮಧ್ಯಮ ಮತ್ತು ಭಾರೀ ವಾಹನದ ತರಬೇತಿ ಕನಿಷ್ಠ 30 ದಿನ ಇರಬೇಕು, ಅದರಲ್ಲಿ ಕನಿಷ್ಠ 15 ಗಂಟೆ ನಿಜವಾದ ಚಾಲನೆ ಇರಬೇಕು ಎನ್ನುತ್ತದೆ ನಿಯಮ. ತರಬೇತಿ ಮುಗಿದ ಮೇಲೆ ಸ್ಕೂಲ್ ಫಾರಂ 5 ಕೊಡುತ್ತದೆ. ಇದಿಲ್ಲದೆ ಸಾರಿಗೆ ವಾಹನದ ಲೈಸೆನ್ಸ್ ಸಿಗುವುದಿಲ್ಲ.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ ಬಂದಿದೆ. ಅಲ್ಲಿ ಭಾರೀ ವಾಹನದ ಕೋರ್ಸ್ 6 ವಾರಗಳಲ್ಲಿ 38 ಗಂಟೆ. ಸಿಮ್ಯುಲೇಟರ್ ಮತ್ತು ಸ್ವಂತ ಟೆಸ್ಟ್ ಟ್ರ್ಯಾಕ್ ಇರಬೇಕು. ಅಲ್ಲಿ ಪಾಸಾದವರು ಆರ್‌ಟಿಒ ಮುಂದೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಿಲ್ಲ. ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ಎಡಪ್ಪಾಳಿನಲ್ಲಿ ಚಾಲಕ ತರಬೇತಿ ಮತ್ತು ಸಂಶೋಧನಾ ಸಂಸ್ಥೆ (ಐಡಿಟಿಆರ್) ಇದೆ. ಲಾರಿಗಳ ಊರೆಂದೇ ಹೆಸರಾದ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್‌ನ ತರಬೇತಿ ಕೇಂದ್ರವಿದೆ.

ಸ್ಕೂಲಿಗೆ ಹೋದಾಗ ಇವಿಷ್ಟನ್ನು ನೋಡಿಕೊಳ್ಳಬೇಕು:

1. ಲಾರಿ ನಿಜವಾಗಿಯೂ ಇದೆಯೇ? ಎಷ್ಟು ಹಳತು? ಬಿಎಸ್-6 ಎಂಜಿನ್‌ನ ಗಾಡಿ ಇದೆಯೇ? ಈಗ ರಸ್ತೆಗಿಳಿಯುವ ಲಾರಿಗಳಲ್ಲಿ ಡೀಸೆಲ್ ಜೊತೆ ಡಿಇಎಫ್ ದ್ರವ, ಸೆನ್ಸರ್, ಎಚ್ಚರಿಕೆಯ ದೀಪಗಳಿರುತ್ತವೆ. ಹಳೇ ಗಾಡಿಯಲ್ಲಿ ಮಾತ್ರ ಕಲಿತವನು ಹೊಸ ಗಾಡಿಯಲ್ಲಿ ತಬ್ಬಿಬ್ಬಾಗುತ್ತಾನೆ.
2. ಒಂದು ಟ್ರಿಪ್‌ನಲ್ಲಿ ಎಷ್ಟು ಹುಡುಗರನ್ನು ಕೂರಿಸುತ್ತಾರೆ? ಎಂಟು ಜನ ಇದ್ದು ಒಂದು ಗಂಟೆ ಓಡಿಸಿದರೆ ತಲಾ ಎಂಟು ನಿಮಿಷ ಸಿಗುವುದೂ ಕಷ್ಟ.
3. ರಿವರ್ಸ್, ಏರಿನಲ್ಲಿ ನಿಲ್ಲಿಸಿ ಎತ್ತುವುದು, ಇಳಿಜಾರಿನಲ್ಲಿ ಗೇರ್‌ನಲ್ಲೇ ಇಳಿಯುವುದು ಕಲಿಸುತ್ತಾರೆಯೇ? ಶಿರಾಡಿ ಘಾಟಿ ಇಳಿಯುವಾಗ ಬರೀ ಬ್ರೇಕ್ ಮೇಲೆ ಕಾಲಿಟ್ಟವರ ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ.
4. ಫೀಸಿಗೆ ರಸೀದಿ ಕೊಡುತ್ತಾರೆಯೇ? ಫೇಲಾದರೆ ಮರುಪರೀಕ್ಷೆಗೆ ಮತ್ತೆ ಎಷ್ಟು?
5. 'ಕ್ಲಾಸಿಗೆ ಬರುವುದು ಬೇಡ, ಟೆಸ್ಟ್ ನಾವೇ ನೋಡಿಕೊಳ್ಳುತ್ತೇವೆ' ಎನ್ನುತ್ತಾರೆಯೇ? ಹಾಗೆ ಹೇಳುವವರು ಮಾರುವುದು ಕಾರ್ಡನ್ನು ಮಾತ್ರ. ಇಪ್ಪತ್ತು ಟನ್ ಹೊತ್ತ ಗಾಡಿಗೆ ಆ ಕಾರ್ಡಿನಿಂದ ಏನೂ ಆಗುವುದಿಲ್ಲ.

ಹಣವನ್ನು ಒಂದೇ ಸಲ ಕೊಡದೆ ಮೂರು ಕಂತು ಮಾಡಿಕೊಳ್ಳುವುದು ಉತ್ತಮ: ಸೇರುವಾಗ ಒಂದು, ತರಬೇತಿಯ ಅರ್ಧದಲ್ಲಿ ಒಂದು, ಟೆಸ್ಟ್‌ನ ದಿನಾಂಕ ಸಿಕ್ಕ ಮೇಲೆ ಕೊನೆಯದು.

ಗಡಿಯಲ್ಲಿರುವವರಿಗೆ ಒಂದು ಮಾತು

ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ. ಇದು ಇಲ್ಲಿನ ಸಾವಿರಾರು ಜನರ ಬದುಕು. ಲೈಸೆನ್ಸ್ ಎಲ್ಲಿ ಮಾಡಿಸಬೇಕು ಎಂಬ ಗೊಂದಲ ಸಹಜ. ವಾಸವಿರುವ ಅಥವಾ ವ್ಯವಹಾರ ನಡೆಸುವ ರಾಜ್ಯದಲ್ಲಿ ಇಲ್ಲವೇ ಡ್ರೈವಿಂಗ್ ಸ್ಕೂಲ್ ಇರುವ ರಾಜ್ಯದಲ್ಲಿ ಅರ್ಜಿ ಹಾಕಲು ಕಾಯ್ದೆಯ 9ನೇ ಸೆಕ್ಷನ್ ಅವಕಾಶ ಕೊಡುತ್ತದೆ. ತೊಕ್ಕೊಟ್ಟಿನಲ್ಲಿ ಕಲಿತ ಉಪ್ಪಳದ ಹುಡುಗ ಕರ್ನಾಟಕದಲ್ಲೂ ಅರ್ಜಿ ಹಾಕಬಹುದು. ಲೈಸೆನ್ಸ್ ಎಲ್ಲಿಯದಾದರೂ ದೇಶವಿಡೀ ನಡೆಯುತ್ತದೆ.

ಆದರೆ ಸರಕಾರದ ನೆರವು ಹಾಗಲ್ಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಸ್ವಾವಲಂಬಿ ಸಾರಥಿ' ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಅದು ಸಿಗುವುದು ಬಾಡಿಗೆ ವಾಹನ ಖರೀದಿಗೆ, ತರಬೇತಿ ಫೀಸಿಗಲ್ಲ. ಕಾಸರಗೋಡಿನವರು ಕೇರಳ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮದಲ್ಲಿ ವಿಚಾರಿಸಬೇಕು. ರೇಷನ್ ಕಾರ್ಡ್ ಯಾವ ರಾಜ್ಯದ್ದೋ ಆ ರಾಜ್ಯದ ಕಚೇರಿಗೇ ಹೋಗುವುದು ಜಾಣತನ.

ಬಡ್ಡಿ ಸಾಲದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ದೀನಿನ ಮಾತು ಒಂದು ಕಡೆಯಾದರೆ ಲೆಕ್ಕದ ಮಾತು ಇನ್ನೊಂದು ಕಡೆ. ಹತ್ತು ಹನ್ನೆರಡು ಸಾವಿರದ ತರಬೇತಿಗೆ ಚಿನ್ನ ಅಡವಿಟ್ಟು ಬಿಡಿಸಲಾಗದೆ ಕಳೆದುಕೊಂಡವರಿದ್ದಾರೆ. ಮೊಹಲ್ಲಾದ ಜಮಾಅತ್ ಕಮಿಟಿ ಅಥವಾ ಗಲ್ಫ್‌ನಲ್ಲಿರುವ ಊರಿನವರ ಕೂಟದಿಂದ ಬಡ್ಡಿಯಿಲ್ಲದ ಕೈಸಾಲ ಸಿಗುವುದಾದರೆ ಕೇಳುವುದರಲ್ಲಿ ನಾಚಿಕೆ ಇಲ್ಲ. ಕೊಡುವವರು ಹಣವನ್ನು ನೇರವಾಗಿ ಸ್ಕೂಲಿಗೆ ಕಟ್ಟಿ ರಸೀದಿ ಇಟ್ಟುಕೊಂಡರೆ ಇಬ್ಬರಿಗೂ ನೆಮ್ಮದಿ.

ಮೊದಲ ಧಣಿ ಯಾರು?

ಹೊಸ ಲೈಸೆನ್ಸ್‌ನವನಿಗೆ ಒಳ್ಳೆಯ ಕಂಪೆನಿ ತಕ್ಷಣ ಗಾಡಿ ಕೊಡುವುದಿಲ್ಲ, ಅನುಭವ ಕೇಳುತ್ತದೆ. ಹಾಗೆ ಕೇಳದೆ ರಾತ್ರೋರಾತ್ರಿ ಕೀಲಿಕೈ ಕೊಡುವವರು ಯಾಕೆ ಕೊಡುತ್ತಿದ್ದಾರೆ ಎಂದು ಯೋಚಿಸಬೇಕು.

ನಮ್ಮ ಕಡೆ ಇದರ ದೊಡ್ಡ ಉದಾಹರಣೆ ಮರಳಿನ ಟಿಪ್ಪರ್. ರಾತ್ರಿ ಕೆಲಸ, ಕೈತುಂಬ ಹಣ, ಪ್ರಶ್ನೆಯಿಲ್ಲ. ಗಣಿ ಇಲಾಖೆಯ ಪರ್ಮಿಟ್ ಇಲ್ಲದ ಮರಳು ಅಥವಾ ಕೆಂಪುಕಲ್ಲು ಸಾಗಿಸುವಾಗ ಸಿಕ್ಕಿಬಿದ್ದರೆ ಗಾಡಿ ಜಪ್ತಿ, ಚಾಲಕನ ಮೇಲೆ ಪ್ರಕರಣ. ಧಣಿಗೆ ಇನ್ನೊಂದು ಟಿಪ್ಪರ್ ಇರುತ್ತದೆ. ಹುಡುಗನಿಗೆ ಇರುವುದು ಒಂದೇ ಹೆಸರು. ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಆ ಪ್ರಕರಣ ಎದುರಿಗೆ ನಿಲ್ಲುತ್ತದೆ.

ಜಾನುವಾರು ಸಾಗಾಟವೂ ಹಾಗೆಯೇ. ಕರ್ನಾಟಕದ 2020ರ ಗೋಹತ್ಯೆ ಪ್ರತಿಬಂಧಕ ಮತ್ತು ಜಾನುವಾರು ಸಂರಕ್ಷಣೆ ಕಾಯ್ದೆಯಲ್ಲಿ ಸಾಗಾಟಕ್ಕೂ ಶಿಕ್ಷೆಯಿದೆ. ದಾರಿಯಲ್ಲಿ ತಡೆದು ನಿಲ್ಲಿಸುವವರ ಕೈಗೆ ಮೊದಲು ಸಿಗುವುದು ಚಾಲಕ. 'ಒಂದೇ ಟ್ರಿಪ್, ಎಲ್ಲ ಸೆಟ್ ಆಗಿದೆ' ಎಂಬ ಮಾತಿಗೆ ಹೊಸಬರು ಮರುಳಾಗಬಾರದು. ಮದ್ಯದ ಲೋಡ್ ಬೇಡ ಎನ್ನುವವರು ಅದನ್ನು ಸೇರುವ ಮೊದಲೇ ಹೇಳಬೇಕು. ಅರ್ಧ ದಾರಿಯಲ್ಲಿ ಹೇಳಿದರೆ ಕೆಲಸವೂ ಹೋಗುತ್ತದೆ, ಸಂಬಳವೂ ಬರುವುದಿಲ್ಲ.

ಮೊದಲ ಒಂದೆರಡು ವರ್ಷಕ್ಕೆ ಸರಿಯಾದ ಕೆಲಸವೆಂದರೆ ಗೊತ್ತಿರುವ ರಸ್ತೆ, ಜೊತೆಯಲ್ಲಿ ಹಿರಿಯ ಚಾಲಕ, ದಾಖಲೆ ಸರಿಯಿರುವ ಗಾಡಿ. ಸಂಬಳ ಎರಡು ಸಾವಿರ ಕಡಿಮೆಯಾದರೂ ಪರವಾಗಿಲ್ಲ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

*ಸಂಬಳ ಹೇಗೆ?* ತಿಂಗಳ ಸಂಬಳವೇ, ಟ್ರಿಪ್ ಲೆಕ್ಕವೇ, ಬಾಟಾ ಬೇರೆಯೇ? ಲೆಕ್ಕ ಹಾಕಿ ನೋಡದೆ ದೊಡ್ಡ ಸಂಖ್ಯೆಗೆ ಒಪ್ಪಬಾರದು. ಉದಾಹರಣೆಗೆ, ಒಬ್ಬ ಮಾಲಕ 'ಎಲ್ಲ ಸೇರಿ ₹26,000' ಎನ್ನುತ್ತಾನೆ. ಇನ್ನೊಬ್ಬ ₹17,000 ಸಂಬಳ, ರಸ್ತೆಯಲ್ಲಿರುವ ದಿನಕ್ಕೆ ₹500 ಬಾಟಾ ಎನ್ನುತ್ತಾನೆ. ತಿಂಗಳಿಗೆ 22 ದಿನ ಓಡಿದರೆ ಎರಡನೆಯವನದ್ದು ₹28,000 ಆಗುತ್ತದೆ. ಆದರೆ ಗಾಡಿಗೆ 12 ದಿನವಷ್ಟೇ ಲೋಡ್ ಸಿಕ್ಕಿದರೆ ₹23,000. ಆದ್ದರಿಂದ 'ಕಳೆದ ತಿಂಗಳು ಈ ಗಾಡಿ ಎಷ್ಟು ದಿನ ಓಡಿದೆ?' ಎಂದು ಕೇಳಲೇಬೇಕು.

*ಖರ್ಚು ಯಾರದು?* ಪಂಕ್ಚರ್, ಲೋಡಿಂಗ್ ಮಾಮೂಲು, ಪಾರ್ಕಿಂಗ್, ಊಟ ಯಾರ ಲೆಕ್ಕ? ಡೀಸೆಲ್ ಕಡಿಮೆ ಬಂದರೆ ಸಂಬಳದಿಂದ ಕಡಿಯುತ್ತಾರೆಯೇ? ಗಾಡಿಗೆ ಗೀರು ಬಿದ್ದರೆ? ಒಟ್ಟು ಕಡಿತ ಸಾಮಾನ್ಯವಾಗಿ ಸಂಬಳದ ಅರ್ಧ ಮೀರುವಂತಿಲ್ಲ, ನಷ್ಟಕ್ಕೆ ಕಡಿತ ಮಾಡುವ ಮೊದಲು ನೌಕರನ ಮಾತು ಕೇಳಬೇಕು ಎಂದು ವೇತನ ಕಾನೂನು ಹೇಳುತ್ತದೆ.

*ದಾಖಲೆ ತೋರಿಸುತ್ತೀರಾ?* ಆರ್‌ಸಿ, ಇನ್ಶೂರೆನ್ಸ್, ಫಿಟ್‌ನೆಸ್, ಪರ್ಮಿಟ್, ತೆರಿಗೆ, ಹೊಗೆ ತಪಾಸಣೆ. 8 ವರ್ಷದೊಳಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳತಾದರೆ ಪ್ರತಿವರ್ಷ ಫಿಟ್‌ನೆಸ್ ಬೇಕು. ₹50,000ಕ್ಕಿಂತ ಹೆಚ್ಚಿನ ಸರಕು ರಾಜ್ಯ ದಾಟುವಾಗ ಇ-ವೇ ಬಿಲ್ ಬೇಕು. ಗಾಡಿ ನಂಬರ್ ಕೊಟ್ಟರೆ ಎಂಪರಿವಾಹನ್ ಆ್ಯಪ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣಸಿಗುತ್ತವೆ.

*ಇನ್ಶೂರೆನ್ಸ್‌ನಲ್ಲಿ ಚಾಲಕ ಇದ್ದಾನೆಯೇ?* ಇದನ್ನು ಕೇಳುವವರು ತೀರಾ ಕಡಿಮೆ. ಪಾಲಿಸಿಯಲ್ಲಿ ಕಡ್ಡಾಯವಾಗಿ ಬರುವ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲಕ ತಾನೇ ಓಡಿಸುವಾಗಿನದು, ಸಂಬಳದ ಚಾಲಕನಿಗಲ್ಲ. ಸಂಬಳದ ಚಾಲಕನ ಹೆಸರಿನಲ್ಲಿ ಪ್ರೀಮಿಯಂ ಕಟ್ಟಿದ್ದಾರೆಯೇ ಎಂದು ಪಾಲಿಸಿಯ ಹಾಳೆಯಲ್ಲೇ ನೋಡಬೇಕು. ಕೆಲಸದ ವೇಳೆ ಸಾವು ಅಥವಾ ಅಂಗವೈಕಲ್ಯವಾದರೆ 1923ರ ಕಾಯ್ದೆಯ ಕಾಲದಿಂದಲೂ ನೌಕರನಿಗೆ ಪರಿಹಾರದ ಹಕ್ಕಿದೆ. ಆದರೆ ಕೆಲಸ ಮಾಡುತ್ತಿದ್ದ ಎಂದು ತೋರಿಸಲು ಸಂಬಳ ಬ್ಯಾಂಕಿಗೆ ಬಂದಿರಬೇಕು, ಟ್ರಿಪ್ ಶೀಟ್ ಇರಬೇಕು. ಎಲ್ಲ ಕೈಯಿಂದ ಕೈಗೆ ನಡೆದಿದ್ದರೆ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

*ಓವರ್‌ಲೋಡ್ ಹಾಕುತ್ತೀರಾ?* ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಇದಕ್ಕೆ ₹20,000, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ ₹2,000 ದಂಡ. ಓಡಿಸಿದವನೂ ಓಡಿಸಲು ಹೇಳಿದವನೂ ಹೊಣೆಗಾರರು. ದಂಡ ಬಿದ್ದರೆ ಯಾರು ಕಟ್ಟುತ್ತಾರೆ ಎಂದು ಮೊದಲೇ ಮಾತಾಗಬೇಕು.

*ಎಷ್ಟು ಹೊತ್ತು ಓಡಿಸಬೇಕು?* 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇಟ್ಟ ಅಳತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಹೆಚ್ಚಿನ ಲಾರಿಗಳಲ್ಲಿ ಇದು ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎರಡನೇ ಚಾಲಕ ಇದ್ದಾನೆಯೇ, ನಿದ್ದೆ ಬಂದರೆ ನಿಲ್ಲಿಸಬಹುದೇ ಎಂದು ಕೇಳಬೇಕು. 'ಬೆಳಗ್ಗೆಯೊಳಗೆ ಮುಟ್ಟಲೇಬೇಕು' ಎಂದು ಗಂಟೆಗೊಮ್ಮೆ ಫೋನ್ ಮಾಡುವ ಧಣಿಯ ಗಾಡಿಯಲ್ಲಿ ಹೊಸಬರು ಇರಬಾರದು.

ಮುಚ್ಚಳಿಕೆ, ಅಡ್ವಾನ್ಸ್, ಒರಿಜಿನಲ್ ಲೈಸೆನ್ಸ್

ಕೆಲವರು 'ತರಬೇತಿ ನಾವೇ ಕೊಡಿಸುತ್ತೇವೆ, ಎರಡು ವರ್ಷ ನಮ್ಮಲ್ಲೇ ದುಡಿಯಬೇಕು' ಎನ್ನುತ್ತಾರೆ. ಇದು ಕೆಟ್ಟದ್ದೇ ಆಗಬೇಕೆಂದಿಲ್ಲ. ತರಬೇತಿಗೆ ಎಷ್ಟು ಖರ್ಚಾಯಿತು, ತಿಂಗಳಿಗೆ ಎಷ್ಟು ಕಡಿತ, ನಡುವೆ ಬಿಟ್ಟರೆ ಎಷ್ಟು ಕೊಡಬೇಕು ಎಂಬ ಮೂರು ಸಂಖ್ಯೆಗಳು ಕಾಗದದಲ್ಲಿರಬೇಕು. ಅದರ ಒಂದು ಪ್ರತಿ ಹುಡುಗನ ಬಳಿಯೂ ಇರಬೇಕು. ಖಾಲಿ ಸ್ಟಾಂಪ್ ಪೇಪರ್‌ಗೆ, ಖಾಲಿ ಚೆಕ್‌ಗೆ ಸಹಿ ಹಾಕಬಾರದು.

ಅಡ್ವಾನ್ಸ್ ಕೂಡ ಒಂದು ಬಗೆಯ ಹಗ್ಗ. ಮದುವೆಗೋ ಮನೆ ರಿಪೇರಿಗೋ ತೆಗೆದುಕೊಂಡ ದೊಡ್ಡ ಅಡ್ವಾನ್ಸ್ ತೀರುವವರೆಗೆ ಕೆಲಸ ಬಿಡಲಾಗದೆ, ಸಂಬಳ ಹೆಚ್ಚಿಸಿ ಎಂದೂ ಕೇಳಲಾಗದೆ ಸಿಕ್ಕಿಕೊಂಡ ಚಾಲಕರು ಪ್ರತಿ ಲಾರಿ ಆಫೀಸಿನಲ್ಲೂ ಇದ್ದಾರೆ.

ಒರಿಜಿನಲ್ ಲೈಸೆನ್ಸ್ ಮಾಲಕನ ಬೀರುವಿನಲ್ಲಿ ಇರಬೇಕಾದ ವಸ್ತುವಲ್ಲ. ಜೆರಾಕ್ಸ್ ಕೊಟ್ಟರೆ ಸಾಕು. ದಾರಿಯಲ್ಲಿ ತೋರಿಸಲು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಲೈಸೆನ್ಸ್ ಕೂಡ ಕಾನೂನು ಪ್ರಕಾರ ನಡೆಯುತ್ತದೆ.

ಟ್ಯಾಂಕರ್ ಹತ್ತುವ ಮುನ್ನ

ಮಂಗಳೂರಿನಲ್ಲಿ ಎಂಆರ್‌ಪಿಎಲ್, ಬಂದರು, ಗ್ಯಾಸ್ ಸ್ಥಾವರಗಳಿವೆ. ಟ್ಯಾಂಕರ್ ಕೆಲಸ ಕಣ್ಣೆದುರಿಗೇ ಇದೆ, ಸಂಬಳವೂ ಹೆಚ್ಚು. ಆದರೆ ಅಪಾಯಕಾರಿ ಸರಕು ಸಾಗಿಸಲು ಹೆವಿ ಲೈಸೆನ್ಸ್ ಮಾತ್ರ ಸಾಲದು. ಮೂರು ದಿನದ ವಿಶೇಷ ತರಬೇತಿ ಮುಗಿಸಿ ಲೈಸೆನ್ಸ್‌ನಲ್ಲಿ ನಮೂದು ಮಾಡಿಸಬೇಕು. ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು, ಬರೆಯಲು ಬರಬೇಕು.

ಇದು ಬರೀ ಕಾಗದದ ವಿಷಯವಲ್ಲ. 2012ರ ಆಗಸ್ಟ್ 27ರಂದು ಕಣ್ಣೂರು ಬಳಿಯ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ 20 ಜನ ಪ್ರಾಣ ಕಳೆದುಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲೂ ಅಂಥದೇ ದುರಂತವಾಯಿತು. ಸತ್ತವರಲ್ಲಿ ಹೆಚ್ಚಿನವರು ರಸ್ತೆ ಬದಿಯ ಮನೆಗಳಲ್ಲಿದ್ದ ಸಾಮಾನ್ಯ ಜನರು. ವಾಲ್ವ್ ಸೋರಿದರೆ ಏನು ಮಾಡಬೇಕು, ಜನರನ್ನು ಯಾವ ದಿಕ್ಕಿಗೆ ಓಡಿಸಬೇಕು ಎಂದು ಗೊತ್ತಿರುವ ಚಾಲಕ ಒಂದು ಊರನ್ನೇ ಉಳಿಸಬಲ್ಲ.

ಗಲ್ಫ್‌ನ 'ಹೆವಿ ಡ್ರೈವರ್' ಜಾಹೀರಾತು

ಬಹಳ ಹುಡುಗರ ಕೊನೆಯ ಗುರಿ ಇದೇ. ಮೊದಲಿಗೆ, ಭಾರತದ ಹೆವಿ ಲೈಸೆನ್ಸ್ ಹಿಡಿದು ಅಲ್ಲಿ ನೇರವಾಗಿ ಟ್ರೈಲರ್ ಹತ್ತಲಾಗುವುದಿಲ್ಲ. ಅಲ್ಲಿನ ಲೈಸೆನ್ಸ್ ಮಾಡಿಸಬೇಕು, ರಸ್ತೆಯ ಬಲಬದಿಯಲ್ಲಿ ಓಡಿಸಲು ಕಲಿಯಬೇಕು. ಆ ಲೈಸೆನ್ಸ್‌ನ ಖರ್ಚು ಯಾರದು, ಫೇಲಾದರೆ ಏನು, ಪಾಸಾಗುವವರೆಗೆ ಸಂಬಳ ಉಂಟೇ ಎಂಬುದು ಕರಾರಿನಲ್ಲಿರಬೇಕು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಕೆಲಸಕ್ಕೆ ಗಲ್ಫ್‌ಗೆ ಹೋಗಲು ಇ-ಮೈಗ್ರೇಟ್ ಮೂಲಕ ಕ್ಲಿಯರೆನ್ಸ್ ಪಡೆಯಬೇಕು. ಏಜೆಂಟ್ ನೋಂದಾಯಿತನೇ ಎಂದು ಅದೇ ವೆಬ್‌ಸೈಟಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ₹30,000 ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ಕೇಳುವವನು ವೀಸಾ ಮಾರುತ್ತಿದ್ದಾನೆ ಎಂದೇ ಅರ್ಥ. ವಿಸಿಟ್ ವೀಸಾದಲ್ಲಿ ಕಳಿಸಿ ಆಮೇಲೆ ಬದಲಿಸುತ್ತೇವೆ ಎಂಬ ಮಾತನ್ನು ನಂಬಬಾರದು. ಇಸಿಆರ್‌ನವರಿಗೆ ₹10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅದರ ಪ್ರೀಮಿಯಂ ಎರಡು ವರ್ಷಕ್ಕೆ ₹275 ಮಾತ್ರ. ಕಾಸರಗೋಡಿನವರು ನೋರ್ಕಾ ರೂಟ್ಸ್ ಮತ್ತು ಕೇರಳ ಸರಕಾರದ ಒಡೆಪೆಕ್‌ನಲ್ಲೂ ವಿಚಾರಿಸಬಹುದು.

ವೀಸಾದಲ್ಲಿರುವ ಹುದ್ದೆಯ ಹೆಸರನ್ನು ಓದಿಸಿ ನೋಡಬೇಕು. ಸೌದಿಯಲ್ಲಿ ಮನೆ ಚಾಲಕರು ಸಾಮಾನ್ಯ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ, ಅವರಿಗೆ ಬೇರೆ ನಿಯಮ. 'ಹೆವಿ' ಎಂದು ಹೇಳಿ 'ಹೌಸ್ ಡ್ರೈವರ್' ವೀಸಾ ಕೊಟ್ಟಿದ್ದರೆ ಇಲ್ಲಿ ಕಲಿತದ್ದೂ ವ್ಯರ್ಥ, ಅಲ್ಲಿನ ಹಕ್ಕೂ ಕಡಿಮೆ.

ಅಪಘಾತವಾದರೆ

ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ ಕಾಯ್ದೆಯ 134ನೇ ಸೆಕ್ಷನ್. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲಲಾಗದಿದ್ದರೆ ಅದಕ್ಕೆ ವಿನಾಯಿತಿಯಿದೆ. ಆಗ ನೇರವಾಗಿ ಹತ್ತಿರದ ಠಾಣೆಗೆ ಹೋಗಬೇಕು, ಮನೆಗಲ್ಲ. 112ಕ್ಕೆ ಮಾಡಿದ ಕರೆ ಫೋನ್‌ನಲ್ಲಿ ದಾಖಲಾಗಿ ಉಳಿಯುತ್ತದೆ, ಅದು ಮುಂದೆ ಸಾಕ್ಷಿಯಾಗುತ್ತದೆ.

ಲಾರಿ ಹತ್ತುವ ದಿನ ಕೈಯಲ್ಲಿರಬೇಕಾದದ್ದು

- ಸರಿಯಾದ ವರ್ಗ ನಮೂದಾಗಿರುವ ಲೈಸೆನ್ಸ್, ಡಿಜಿಲಾಕರ್ ಪ್ರತಿ
- ಮಾಲಕನ ಹೆಸರು, ಸಂಬಳ, ಬಾಟಾ ಬರೆದ ಕಾಗದ, ಕನಿಷ್ಠ ವಾಟ್ಸ್‌ಆ್ಯಪ್ ಸಂದೇಶವಾದರೂ
- ಗಾಡಿಯ ಇನ್ಶೂರೆನ್ಸ್ ಮತ್ತು ಫಿಟ್‌ನೆಸ್‌ನ ಫೋಟೊ
- ಇ-ಶ್ರಮ್ ಕಾರ್ಡ್. ಕೇರಳದವರಿಗೆ ಮೋಟಾರು ಕಾರ್ಮಿಕರ ಕ್ಷೇಮನಿಧಿಯ ಸದಸ್ಯತ್ವ
- ಮನೆಯವರ ಬಳಿ ಗಾಡಿ ನಂಬರ್ ಮತ್ತು ಲಾರಿ ಆಫೀಸಿನ ಫೋನ್ ನಂಬರ್

ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನ್ ಸ್ವಿಚ್ ಆಫ್ ಆದಾಗ ಉಮ್ಮ ಯಾರನ್ನು ಕೇಳಬೇಕು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು.